ಮೂವರು ಗೆಳೆಯರು, ಒಂದು ಸ್ಟೋವು, ಮತ್ತೆ ಮೂಸಿ ಹೊಳೆ

ನಮ್ಮ ಬೀದರಿನವ ಹೋದ ತಿಂಗಳು ತೀರಿಕೊಂಡ. ಹೆಸರು ಬೇಡ ಬಿಡಿ, ಬೇಗಂ ಬಜಾರಿನಲ್ಲಿ ನಲವತ್ತು ವರ್ಷ ಅವನನ್ನು ಯಾರೂ ಹೆಸರು ಹಿಡಿದು ಕರೆದದ್ದೇ ಇಲ್ಲ. ಒಂದೇ ಗಲ್ಲಿಯ ಹೋಲ್‌ಸೇಲ್ ಅಂಗಡಿಗಳಲ್ಲಿ ಲೆಕ್ಕ ಬರೆಯುತ್ತಿದ್ದ ನಾವು ಮೂವರು ಕನ್ನಡದವರು. ಹಮಾಲರಿಂದ ಹಿಡಿದು ಸೇಠಜಿಯವರೆಗೆ ಎಲ್ಲರ ಬಾಯಲ್ಲೂ ನಾವು 'ಬೀದರ್', 'ಗುಲ್ಬರ್ಗಾ', 'ರಾಯಚೂರ್'. ನಾನು ರಾಯಚೂರು. ನಿಜಾಮರ ರಾಜ್ಯದ ಈ ಮೂರು ಕನ್ನಡ ಜಿಲ್ಲೆಗಳು 1956ರ ನವೆಂಬರ್ 1ಕ್ಕೆ ಹೈದರಾಬಾದ್ ಬಿಟ್ಟು ಮೈಸೂರು ರಾಜ್ಯ ಸೇರಿದವು. "ಜಿಲ್ಲೆಗೊಳು ಹೋದ್ವು, ನಾವು ಮೂರು ಮಂದಿ ಹೊಟ್ಟಿಗಾಗಿ ತಿರುಗಿ ಬಂದ್ವಿ" ಅಂತ ಗುಲಬರ್ಗಾದವ ನಗಿಸುತ್ತಿದ್ದ.

ಮೊನ್ನೆ ಬೀದರಿನವನ ಮಗ ಒಂದು ಬಟ್ಟೆಚೀಲ ತಂದುಕೊಟ್ಟ. "ಕಾಕಾ, ಇದು ನಿಮ್ದಂತ. ವಾಪಸ್ ಕೊಡ್ಲಿಕ್ಕೆ ಆಗ್ಲಿಲ್ಲ ಅಂತ ಅಪ್ಪ ಭಾಳ ಸಲ ಅಂದ್ರು." ಒಳಗೆ ನೋಡಿದರೆ ಒಂದು ಹಳೆಯ ಇಂಗ್ಲಿಷ್ ಪುಸ್ತಕ, 'ತ್ರೀ ಮೆನ್ ಇನ್ ಎ ಬೋಟ್'. ಬರೆದವನು ಜೆರೋಮ್ ಕೆ. ಜೆರೋಮ್. 1983ರಲ್ಲಿ ಆಬಿಡ್ಸ್‌ನ ಭಾನುವಾರದ ಫುಟ್‌ಪಾತ್ ಅಂಗಡಿಯಲ್ಲಿ ಚೌಕಾಸಿ ಮಾಡಿ ನಾನೇ ಕೊಂಡದ್ದು. ಎರಡು ದಿನದಲ್ಲಿ ಕೊಡ್ತೀನಿ ಅಂತ ಒಯ್ದವ ಇಷ್ಟು ವರ್ಷ ಇಟ್ಟುಕೊಂಡಿದ್ದ!

ಈ ಪುಸ್ತಕದ ಒಂದಿಷ್ಟು ಭಾಗವನ್ನಾದರೂ ನಿಮ್ಮಲ್ಲಿ ಹಲವರು ಶಾಲೆಯಲ್ಲಿ ಓದಿರಬಹುದು. ಗೋಡೆಗೆ ಒಂದು ಚಿತ್ರ ತೂಗುಹಾಕಲು ಮನೆಮಂದಿಯನ್ನೆಲ್ಲ ಕುಣಿಸುವ ಪಾಡ್ಜರ್ ಮಾವನ ಪಾಠ ನೆನಪಿದೆಯೇ? ಅದು ಇದರದ್ದೇ. ಕಥೆ ಅಂತ ಹೆಚ್ಚೇನಿಲ್ಲ. ಜೆ, ಜಾರ್ಜ್, ಹ್ಯಾರಿಸ್ ಎಂಬ ಮೂವರು ಗೆಳೆಯರಿಗೆ ಮೈಯಲ್ಲಿ ಹುಷಾರಿಲ್ಲ ಅನ್ನಿಸುತ್ತದೆ. ಜೆ ವೈದ್ಯಶಾಸ್ತ್ರದ ಪುಸ್ತಕ ತೆರೆದು ಓದಿದರೆ ಅದರಲ್ಲಿದ್ದ ರೋಗಗಳೆಲ್ಲ ತನಗೇ ಇವೆ, ಒಂದೇ ಒಂದು ಬಿಟ್ಟು. ಗಾಳಿ ಬದಲಾಗಲಿ ಅಂತ ಮೂವರೂ ಮಾಂಟ್‌ಮೊರೆನ್ಸಿ ಎಂಬ ನಾಯಿಯನ್ನು ಕಟ್ಟಿಕೊಂಡು ಥೇಮ್ಸ್ ನದಿಯಲ್ಲಿ ಕಿಂಗ್‌ಸ್ಟನ್‌ನಿಂದ ಆಕ್ಸ್‌ಫರ್ಡ್‌ಗೆ ದೋಣಿಯಲ್ಲಿ ಹೊರಡುತ್ತಾರೆ. ಅನಾನಸ್ ಡಬ್ಬಿ ಒಯ್ದಿರುತ್ತಾರೆ, ಡಬ್ಬಿ ತೆರೆಯುವ ಸಾಧನ ಮಾತ್ರ ಮನೆಯಲ್ಲಿ. ಬರುವಾಗ ಮಳೆಗೆ ಬೇಸತ್ತು, ದೋಣಿ ಬಿಟ್ಟು ಗುಟ್ಟಾಗಿ ರೈಲು ಹತ್ತಿ ಲಂಡನ್ ಸೇರುತ್ತಾರೆ. ಅಷ್ಟೇ.

ಅದನ್ನು ಓದಿದ ಹುರುಪಿನಲ್ಲಿ ನಾವೂ ಒಂದು ಭಾನುವಾರ ಗಂಡಿಪೇಟೆಗೆ ಹೊರಟೆವು. ಶನಿವಾರ ರಾತ್ರಿಯಿಂದ ಕಟ್ಟಿದ್ದೇ ಕಟ್ಟಿದ್ದು. ರೊಟ್ಟಿ, ಶೇಂಗಾಚಟ್ನಿ, ಚಹಾಪುಡಿ, ಸಕ್ಕರೆ, ಸೀಮೆಎಣ್ಣೆ, ಪಂಪ್ ಸ್ಟೋವು, ಒಂದು ಚಾದರ. ಎರಡು ಬಸ್ಸು ಬದಲಿಸಿ ಹೋಗಿ, ಕಟ್ಟೆಯ ಮಗ್ಗುಲಿಗೆ ನೆರಳು ಹುಡುಕಿ ಕೂತು ಸ್ಟೋವು ಹಚ್ಚಿದರೆ ತೂತು ಕಟ್ಟಿದೆ. ಪಿನ್ನು ಎಲ್ಲಿ? "ನೀ ತರ್ತಿ ಅಂದ್ಕೊಂಡಿದ್ದೆ" ಅಂತ ಒಬ್ಬರು ಇನ್ನೊಬ್ಬರಿಗೆ. ಬೀದರಿನವ ಗುಂಡುಸೂಜಿ, ಬೇವಿನ ಕಡ್ಡಿ, ಕೊನೆಗೆ ತನ್ನ ಪೆನ್ನಿನ ನಿಬ್ಬು ಎಲ್ಲ ಪ್ರಯೋಗ ಮಾಡಿದ. ನಿಬ್ಬು ಮುರಿಯಿತು, ಸ್ಟೋವು ಹತ್ತಲಿಲ್ಲ. ಇನ್ನು ದೋಣಿಯಾದರೂ ಸಿಗುತ್ತದೇನೋ ಅಂತ ಅಲ್ಲಿದ್ದ ಮುದುಕ ಕಾವಲುಗಾರನನ್ನು ಕೇಳಿದೆವು. ಅವನು ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಪೀನೇ ಕಾ ಪಾನಿ ಹೈ ಮಿಯಾಂ, ನಾವ್ ಕೈಕು?" ಅಂದ. ಕುಡಿಯುವ ನೀರಿನಲ್ಲಿ ದೋಣಿ ಯಾಕೆ? ಸರಿಯಾದ ಮಾತೇ. ತಣ್ಣಗಿನ ರೊಟ್ಟಿ ತಿಂದು, ಚಹಾ ಇಲ್ಲದೆ, ನಕ್ಕು ನಕ್ಕು ಸುಸ್ತಾಗಿ ಬಂದೆವು.

ಈಗ ಪುಸ್ತಕ ತಿರುವಿಹಾಕಿದಾಗ ಒಂದು ಪುಟದ ಮೂಲೆ ಮಡಚಿತ್ತು. ಅನಾನಸ್ ಡಬ್ಬಿಯ ಪುಟ ಇರಬೇಕು ಅಂತ ತೆರೆದೆ. ಅಲ್ಲ. ಅದು ಹದಿನಾರನೆಯ ಅಧ್ಯಾಯ. ಗೋರಿಂಗ್ ಎಂಬ ಊರಿನ ಹತ್ತಿರ ಮೂವರಿಗೂ ನೀರಿನಲ್ಲಿ ಕಪ್ಪಗೆ ಏನೋ ತೇಲಿಬರುವುದು ಕಾಣುತ್ತದೆ. ಜಾರ್ಜ್ ಕೈಚಾಚಿ ಹಿಡಿಯಲು ಹೋಗಿ ಚೀರುತ್ತಾನೆ. ಅದು ಒಬ್ಬ ಹೆಂಗಸಿನ ಹೆಣ. ಮೋಸಹೋದವಳು, ಮನೆಯವರು ಕೈಬಿಟ್ಟವಳು, ವಾರಕ್ಕೆ ಹನ್ನೆರಡು ಶಿಲಿಂಗ್ ದುಡಿದು ಮಗುವನ್ನೂ ತನ್ನನ್ನೂ ಸಾಕಲಾರದೆ ನದಿಗೆ ಬಿದ್ದವಳು. ನಗಿಸುವ ಪುಸ್ತಕದ ನಟ್ಟನಡುವೆ ಇಂಥದ್ದೊಂದು ಪುಟ! 1983ರಲ್ಲಿ ನಾನು ಅದನ್ನು ಹಾರಿಸಿಕೊಂಡು ಓದಿದ್ದೆ ಅಂತ ಕಾಣುತ್ತದೆ, ನೆನಪೇ ಇರಲಿಲ್ಲ. ಬೀದರಿನವ ಮಾತ್ರ ಮಡಚಿ ಇಟ್ಟಿದ್ದ. ಯಾಕೆ ಅಂತ ಯೋಚಿಸುತ್ತ ಪುಸ್ತಕದ ಹಿಂದಿನ ಚರಿತ್ರೆಯನ್ನು ಒಂದಿಷ್ಟು ಹುಡುಕಿದೆ.

ಜೆರೋಮ್ ಹುಟ್ಟಿದ್ದು 1859ರಲ್ಲಿ. ಚಿಕ್ಕಂದಿನಲ್ಲೇ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡು, ರೈಲ್ವೆಯಲ್ಲಿ ಗುಮಾಸ್ತನಾಗಿ, ನಾಟಕದ ಕಂಪನಿ ಸೇರಿ, ವಕೀಲರ ಕಚೇರಿಯಲ್ಲಿ ಬರೆದು, ಅಂತೂ ಬದುಕಿದವನು. 1888ರಲ್ಲಿ ಮದುವೆಯಾಗಿ ಹೆಂಡತಿಯ ಜೊತೆ ಥೇಮ್ಸ್‌ನಲ್ಲಿ ದೋಣಿಯ ಮೇಲೆ ತಿರುಗಾಡಿ ಬಂದ. ಆಮೇಲೆ ಬರೆಯಲು ಕೂತದ್ದು ಹಾಸ್ಯ ಕಾದಂಬರಿಯನ್ನಲ್ಲ, ನದಿಯ ದಂಡೆಯ ಊರು, ಕೋಟೆ, ರಾಜರ ಕಥೆ ಹೇಳುವ ಚರಿತ್ರೆಯ ಪುಸ್ತಕವನ್ನು. ಹೆಂಡತಿಯ ಜಾಗದಲ್ಲಿ ಇಬ್ಬರು ಗೆಳೆಯರನ್ನು ಕೂರಿಸಿದ. ಜಾರ್ಜ್ ಅಂದರೆ ಬ್ಯಾಂಕಿನಲ್ಲಿದ್ದ ಜಾರ್ಜ್ ವಿನ್‌ಗ್ರೇವ್, ಹ್ಯಾರಿಸ್ ಅಂದರೆ ಮುದ್ರಣಕ್ಕೆ ಚಿತ್ರದ ಅಚ್ಚು ಮಾಡುತ್ತಿದ್ದ ಕಾರ್ಲ್ ಹೆಂಟ್‌ಶೆಲ್. ನಗೆಯೇ ಮೊದಲು ಬಂತು, ಚರಿತ್ರೆ ಹಿಂದೆ ಬಿತ್ತು. ಅದನ್ನು ಪ್ರಕಟಿಸುತ್ತಿದ್ದ 'ಹೋಮ್ ಚೈಮ್ಸ್' ಪತ್ರಿಕೆಯ ಸಂಪಾದಕ ಚರಿತ್ರೆಯ ಭಾಗವನ್ನು ಬಹುಮಟ್ಟಿಗೆ ತೆಗೆದೇ ಹಾಕಿದ. 1889ರಲ್ಲಿ ಬ್ರಿಸ್ಟಲಿನ ಆರೋಸ್ಮಿತ್ ಪುಸ್ತಕವಾಗಿ ತಂದ. ವಿಮರ್ಶಕರು ಇದು ಗುಮಾಸ್ತರ ಭಾಷೆ, ಕೀಳು ಹಾಸ್ಯ ಅಂತ ಮೂಗು ಮುರಿದರು. ಜನ ಮಾತ್ರ ಕೊಂಡೇ ಕೊಂಡರು. ಆವತ್ತಿನಿಂದ ಈವತ್ತಿನವರೆಗೆ ಪುಸ್ತಕ ಅಚ್ಚಿನಿಂದ ಹೊರಗೆ ಹೋಗಿಲ್ಲ.

ಗುಮಾಸ್ತರು ಅಂದೆನಲ್ಲ, ಅಲ್ಲೇ ಇರುವುದು ವಿಷಯ. ಗುಮಾಸ್ತ ದೋಣಿಯಲ್ಲಿ ಕೂತು ನಗಬೇಕಾದರೆ ಮೊದಲು ಅವನಿಗೆ ರಜೆ ಇರಬೇಕು, ಆಮೇಲೆ ಊರಿಗೆ ಹೊಳೆ ಇರಬೇಕು. ಇಂಗ್ಲೆಂಡಿನಲ್ಲಿ ಬ್ಯಾಂಕ್ ರಜೆಯ ಕಾನೂನು ಬಂದದ್ದು 1871ರಲ್ಲಿ. ಶನಿವಾರ ಅರ್ಧ ದಿನದ ಕೆಲಸ ಅಷ್ಟರಲ್ಲಿ ರೂಢಿಯಾಗುತ್ತಿತ್ತು. ಜಾರ್ಜ್ ಬ್ಯಾಂಕಿಗೆ ಹೋಗುವುದೇ ನಿದ್ದೆ ಮಾಡಲು, ಶನಿವಾರ ಮಾತ್ರ ಎರಡು ಗಂಟೆಗೆ ಎಬ್ಬಿಸಿ ಹೊರಗೆ ಹಾಕುತ್ತಾರೆ ಅಂತ ಜೆರೋಮ್ ತಮಾಷೆ ಮಾಡುವುದರ ಹಿಂದೆ ಈ ಚರಿತ್ರೆ ಇದೆ.

ಇನ್ನು ಹೊಳೆ. 1858ರ ಬೇಸಿಗೆಯಲ್ಲಿ ಲಂಡನ್ನಿನ ಥೇಮ್ಸ್ ಎಷ್ಟು ನಾರಿತ್ತೆಂದರೆ ಪಾರ್ಲಿಮೆಂಟಿನ ಪರದೆಗಳನ್ನು ಸುಣ್ಣದ ಬ್ಲೀಚಿಂಗ್ ನೀರಿನಲ್ಲಿ ಅದ್ದಿ ತೂಗುಹಾಕಬೇಕಾಯಿತು. ಮೂಗಿಗೆ ಬಡಿದ ಮೇಲೆಯೇ ದೊರೆಗಳಿಗೆ ಬುದ್ಧಿ ಬಂದದ್ದು. ಜೋಸೆಫ್ ಬಜಲ್ಜೆಟ್ ಎಂಬ ಎಂಜಿನಿಯರ್ ನೆಲದೊಳಗೆ ದೊಡ್ಡ ಒಳಚರಂಡಿಗಳನ್ನು ಕಟ್ಟಿ ಊರ ಕೊಳೆಯನ್ನು ಕೆಳಗೆ ಸಾಗಿಸಿದ. 1866ರಲ್ಲಿ ಮೇಲಿನ ನದಿಯೂ ಥೇಮ್ಸ್ ಕನ್ಸರ್ವೆನ್ಸಿ ಎಂಬ ಒಂದೇ ಸಂಸ್ಥೆಯ ಕೈಗೆ ಬಂತು. ಹಾಗಂತ ಎಲ್ಲ ಸ್ವಚ್ಛವಾಯಿತು ಅಂತಲ್ಲ. 1878ರಲ್ಲಿ 'ಪ್ರಿನ್ಸೆಸ್ ಆಲಿಸ್' ಎಂಬ ವಿಹಾರದ ಹಡಗು ಮುಳುಗಿ ಆರುನೂರಕ್ಕೂ ಹೆಚ್ಚು ಜನ ಸತ್ತರು, ಅದೂ ಆ ಒಳಚರಂಡಿಯ ಕೊಳೆ ಬಂದು ಬೀಳುವ ಜಾಗದ ಹತ್ತಿರವೇ. ಜೆರೋಮನ ಗೆಳೆಯರೂ ನದಿಯ ನೀರಿನಲ್ಲೇ ಚಹಾ ಕಾಸಿಕೊಂಡು ಕುಡಿಯುವಾಗ ಎದುರಿಗೆ ಸತ್ತ ನಾಯಿಯೊಂದು ತೇಲಿಬರುತ್ತದೆ. (ಅವರ ಸ್ಟೋವಾದರೂ ಹತ್ತಿತ್ತಲ್ಲ!)

ಈಗ ನಮ್ಮ ಹೊಳೆಗೆ ಬರೋಣ. ಬೇಗಂ ಬಜಾರಿನ ಜಾಗವನ್ನು ನಿಜಾಮ್ ಅಲಿ ಖಾನರ ಹೆಂಡತಿ ಹಮ್ದಾ ಬೇಗಂ ವ್ಯಾಪಾರಿಗಳಿಗೆ ಕೊಟ್ಟರು ಅಂತ ಹೇಳುತ್ತಾರೆ. ಅಲ್ಲಿಂದ ಅಫ್ಜಲ್‌ಗಂಜಿಗೆ ನಡೆದರೆ ಮೂಸಿ. ವಿಕಾರಾಬಾದಿನ ಅನಂತಗಿರಿ ಬೆಟ್ಟದಲ್ಲಿ ಹುಟ್ಟಿ, ಊರ ನಡುವೆ ಹರಿದು, ವಾಡಪಲ್ಲಿಯಲ್ಲಿ ಕೃಷ್ಣೆ ಸೇರುತ್ತದೆ. 1908ರ ಸೆಪ್ಟೆಂಬರ್ 28ಕ್ಕೆ ಈ ಹೊಳೆ ಊರನ್ನೇ ನುಂಗಿತು. ಮೇಲಿನ ಕೆರೆಗಳು ಒಂದರ ಹಿಂದೊಂದು ಒಡೆದು ನೀರು ಗೋಡೆಯಂತೆ ಬಂತು. ಸತ್ತವರು ಹದಿನೈದು ಸಾವಿರ ಅಂತ ಸಾಮಾನ್ಯವಾಗಿ ಹೇಳುವ ಲೆಕ್ಕ. ಮನೆ ಕಳೆದುಕೊಂಡವರು ಎಂಬತ್ತು ಸಾವಿರ. ಅಫ್ಜಲ್‌ಗಂಜಿನ ಆಸ್ಪತ್ರೆಯ ಅಂಗಳದ ಒಂದು ಹುಣಸೆಮರ ಹತ್ತಿ ಸುಮಾರು ನೂರೈವತ್ತು ಜನ ಉಳಿದರು. ಆ ಮರದ ಕೆಳಗೆ ಸೆಪ್ಟೆಂಬರ್ 28ಕ್ಕೆ ಕೆಲವರು ಸೇರಿ ನೆನೆಯುವುದುಂಟು. ಉರ್ದು ಕವಿ ಅಮ್ಜದ್ ಹೈದರಾಬಾದಿಯವರ ತಾಯಿ, ಹೆಂಡತಿ, ಮಗಳು ಮೂವರೂ ಅವರ ಕಣ್ಣೆದುರೇ ಕೊಚ್ಚಿಹೋದರು. ಅವರೊಬ್ಬರೇ ಉಳಿದರು. ಆರನೆಯ ನಿಜಾಮ ಮಹಬೂಬ್ ಅಲಿ ಖಾನರು ಹೊಳೆಗೆ ಸೀರೆ, ಬಂಗಾರ ಬಾಗಿನ ಬಿಟ್ಟು ಆರತಿ ಎತ್ತಿದರು ಅಂತ ಹಳೆಯ ಜನ ಹೇಳುತ್ತಿದ್ದರು.

ಬಾಗಿನದ ಮುಂದಿನ ವರ್ಷ, 1909ರಲ್ಲಿ, ನಿಜಾಮರ ಸರ್ಕಾರ ಕರೆಸಿದ್ದು ನಮ್ಮ ಮುದ್ದೇನಹಳ್ಳಿಯವರನ್ನು! ಎಂ. ವಿಶ್ವೇಶ್ವರಯ್ಯನವರು ಆಗಷ್ಟೇ ಮುಂಬಯಿ ಸರ್ಕಾರದ ಕೆಲಸ ಬಿಟ್ಟಿದ್ದರು. ಮಳೆಯ ಲೆಕ್ಕ, ಒಡೆದ ಕೆರೆಗಳ ಲೆಕ್ಕ ಎಲ್ಲ ತೆಗೆಸಿ, ಊರಿನ ಮೇಲ್ಭಾಗದಲ್ಲಿ ಮೂಸಿಗೆ ಒಂದು, ಅದರ ಉಪನದಿ ಈಸಿಗೆ ಒಂದು, ಹೀಗೆ ಎರಡು ಜಲಾಶಯ ಕಟ್ಟಿ ಅಂದರು. ಅದೇ ವರ್ಷದ ಕೊನೆಗೆ ಮೈಸೂರಿನ ಚೀಫ್ ಎಂಜಿನಿಯರ್ ಆಗಿ ಹೋದರು. ಉಸ್ಮಾನ್ ಸಾಗರ 1920ಕ್ಕೆ, ಹಿಮಾಯತ್ ಸಾಗರ 1927ಕ್ಕೆ ಮುಗಿದವು. ಉಸ್ಮಾನ್ ಸಾಗರವೇ ಜನರ ಬಾಯಲ್ಲಿ ಗಂಡಿಪೇಟೆ. ಆ ನೀರು ಕುಡಿದವರು ಹೈದರಾಬಾದ್ ಬಿಟ್ಟು ಹೋಗುವುದಿಲ್ಲ ಅಂತ ಇಲ್ಲಿ ಒಂದು ಮಾತೇ ಇದೆ. ನಮ್ಮ ಪಾಲಿಗೆ ಅದು ಸುಳ್ಳಾಗಲಿಲ್ಲ. ನಾವು ಪಿನ್ನಿಲ್ಲದೆ ಕೂತದ್ದು ವಿಶ್ವೇಶ್ವರಯ್ಯನವರು ಹೇಳಿ ಕಟ್ಟಿಸಿದ ಕಟ್ಟೆಯ ಮಗ್ಗುಲಿಗೆ ಅಂತ ಆಗ ನಮಗೆ ಮೂವರಿಗೂ ಗೊತ್ತಿರಲಿಲ್ಲ, ನೋಡಿ.

ಅವರು ಜಲಾಶಯದ ಮಾತಷ್ಟೇ ಹೇಳಿರಲಿಲ್ಲ. ದಂಡೆ ಎತ್ತರಿಸಿ, ತೋಟ ಬೆಳೆಸಿ, ಜನ ಅಡ್ಡಾಡುವ ಹಾದಿ ಮಾಡಿ, ಊರಿಗೆ ಒಳಚರಂಡಿ ಹಾಕಿ ಅಂತಲೂ ಹೇಳಿದ್ದರು. ಸ್ವಲ್ಪ ದೂರ ಅದೂ ನಡೆಯಿತು. ಹೈಕೋರ್ಟು, ಸಿಟಿ ಕಾಲೇಜು, ಉಸ್ಮಾನಿಯಾ ಆಸ್ಪತ್ರೆ 1920ರ ಆಸುಪಾಸಿನಲ್ಲಿ ದಂಡೆಯ ಮೇಲೆ ಎದ್ದು ನಿಂತವು. ಆಮೇಲೆ ಊರು ಬೆಳೆಯಿತು, ಚರಂಡಿ ಬೆಳೆಯಲಿಲ್ಲ. ಮೇಲಿನ ನೀರು ಜಲಾಶಯದಲ್ಲಿ ನಿಂತಿತು, ಊರೊಳಗಿನ ಹೊಳೆಗೆ ಉಳಿದದ್ದು ಕೊಳೆನೀರು ಮಾತ್ರ. ನಾನು ಕಂಡ ಮೂಸಿ ಅದೇ. ಸೇತುವೆ ದಾಟುವಾಗ ಬಸ್ಸಿನಲ್ಲಿ ಎಲ್ಲರ ಕರವಸ್ತ್ರವೂ ಮೂಗಿಗೆ ಹೋಗುತ್ತಿತ್ತು. ಇನ್ನು ದೋಣಿ ಎಲ್ಲಿಂದ?

ಬೀದರಿನವ ಬಂದ ಹೊಸದರಲ್ಲಿ ಆ ದಂಡೆಯ ಮೇಲೇ ಒಂದು ಬಾಡಿಗೆ ಕೋಣೆಯಲ್ಲಿದ್ದ. ಅಗ್ಗ ಅಂತ. ಒಂದು ಮಳೆಗಾಲದ ಬೆಳಗ್ಗೆ ತಡವಾಗಿ ಅಂಗಡಿಗೆ ಬಂದವ ದಿನವೆಲ್ಲ ಮಾತಾಡಲಿಲ್ಲ. ಹೊಳೆಯಲ್ಲಿ ಒಂದು ಹೆಣ ಸಿಕ್ಕಿತು, ಎಳೆಯಲು ಕೈಹಚ್ಚಿದೆ ಅಂತ ಸಂಜೆ ಅಂದ. ಯಾರು ಅಂತ ನಾವು ಕೇಳಿದ್ದಕ್ಕೆ, "ಹೆಣ್ಮಗಳು. ಯಾರಂತ ಯಾರ್ಗೂ ಗೊತ್ತಾಗ್ಲಿಲ್ಲ" ಅಂದವ ಮತ್ತೆ ಆ ಮಾತು ಎತ್ತಲಿಲ್ಲ. ನಾವೂ ಕೇಳಲಿಲ್ಲ. ನಗುವ ಗೆಳೆಯರು ನೋಡಿ ನಾವು, ಅಂಥ ಮಾತಿಗೆ ನಮ್ಮಲ್ಲಿ ಜಾಗ ಇರಲಿಲ್ಲ. ಮಡಚಿದ ಆ ಪುಟ ನೋಡಿದ ಮೇಲೆ ನನಗೆ ಇದು ನೆನಪಾಯಿತು. ಜೆರೋಮ್ ತನ್ನ ಪುಸ್ತಕದಲ್ಲಿ ಜಾಗ ಮಾಡಿಕೊಟ್ಟಿದ್ದ.

2025ರ ಸೆಪ್ಟೆಂಬರ್ ಕೊನೆಗೆ ಎರಡೂ ಜಲಾಶಯದ ಬಾಗಿಲು ತೆರೆದಾಗ ಮೂಸಿ ಮತ್ತೆ ಉಕ್ಕಿ ಮಹಾತ್ಮ ಗಾಂಧಿ ಬಸ್ ನಿಲ್ದಾಣದೊಳಗೆ ನುಗ್ಗಿತು. ಆ ನಿಲ್ದಾಣ ಇರುವುದೇ ಹೊಳೆಯ ಪಾತ್ರದಲ್ಲಿ, ಇಮ್ಲಿಬನ್‌ನಲ್ಲಿ. ರಾಯಚೂರು, ಬೀದರ್, ಗುಲಬರ್ಗಾಕ್ಕೆ ನಾವು ಬಸ್ಸು ಹತ್ತುವ ಜಾಗ. ಊರು ಹೊಳೆಯನ್ನು ಮರೆತರೂ ಹೊಳೆ ತನ್ನ ಜಾಗವನ್ನು ಮರೆಯುವುದಿಲ್ಲ.

ನಮ್ಮಲ್ಲಿ ಇಂಥ ದೋಣಿ ವಿಹಾರದ ಕಥೆ ಯಾಕೆ ಕಡಿಮೆ ಅಂತ ಯೋಚಿಸಿದೆ. ರಾಯಚೂರು ಸೀಮೆಯಲ್ಲಿ ಕೃಷ್ಣೆ ದಾಟಿ ಕುರುವಪುರದ ನಡುಗಡ್ಡೆಗೆ ಹರಿಗೋಲಿನಲ್ಲಿ ಹೋಗುತ್ತಿದ್ದೆವು. ಬಿದಿರಿನ ಬುಟ್ಟಿ, ಗುಂಡಗೆ ತಿರುಗುತ್ತ ಸಾಗುತ್ತದೆ. ಹತ್ತುವಾಗ ಅವ್ವ ಕೈಮುಗಿದು ಗಂಗವ್ವನ ಹೆಸರು ಹೇಳುತ್ತಿದ್ದಳು, ಇಳಿಯುವತನಕ ಯಾರೂ ನಗುವಂತಿರಲಿಲ್ಲ. ದೋಣಿ ನಮಗೆ ದಾಟುವ ಸಾಧನ, ರಜೆಯ ಸಾಧನ ಅಲ್ಲ.

ಗುಲಬರ್ಗಾದವ ಈಗ ಕಲಬುರಗಿಯಲ್ಲೇ ಇದ್ದಾನೆ, ಮಂಡಿನೋವು. ರಾತ್ರಿ ಫೋನ್ ಮಾಡಿ ಪುಸ್ತಕದ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. "ಕುರುವಪುರಕ್ಕ ಹೋಗೂಣೇನಲೇ, ಹರಗೋಲಿನ್ಯಾಗ? ಅವನ ಹೆಸರೀಲೆ" ಅಂದೆ.

"ಹೋಗೂಣು. ಆದ್ರ ಈ ಸಲ ಪಿನ್ನು ಯಾರು ತರೋದು, ಅದನ್ನ ಮೊದ್ಲ ಹೇಳು" ಅಂದ.