ಸುರಪುರದ ಗಾದಿ: ಬರೆದದ್ದು, ಬರೆಯದೆ ಉಳಿದದ್ದು

ಸುರಪುರವೆಂದರೆ ಇತ್ತೀಚೆಗೆ ವೇದಿಕೆಗಳಲ್ಲಿ ಎರಡೇ ವಿಷಯ: 1858ರ ಬಂಡಾಯ, ಇಲ್ಲವೇ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ ಅವರ ಬಂಗಲೆ ಟೇಲರ್ ಮಂಜಿಲ್. ಅದಕ್ಕೂ ಹಿಂದಿನ ಮೂವತ್ತು ವರ್ಷ ಈ ಸಂಸ್ಥಾನ ಸವೆದದ್ದು ಗಾದಿಯ ಮೇಲೆ ಯಾರು ಕೂಡಬೇಕು, ಕೂಡಿಸುವ ಹಕ್ಕು ಯಾರದು ಎಂಬ ತಕರಾರಿನಲ್ಲಿ. ಅದನ್ನು ಬಿಟ್ಟು ಬರೆದರೆ 1858ರಲ್ಲಿ ಬಂಡೆದ್ದ ರಾಜಾ ವೆಂಕಟಪ್ಪ ನಾಯಕರು ಇದ್ದಕ್ಕಿದ್ದಂತೆ ಕತ್ತಿ ಹಿರಿದವರಂತೆ ಕಾಣುತ್ತಾರೆ.

ಈ ನಾಯಕರ ಬಗೆಗಿನ ಮೊದಲ ಬರಹಗಳು ಮೊಗಲರ ಕಡೆಯವರವು. 1705ರಲ್ಲಿ ಔರಂಗಜೇಬ ಅವರ ಹಿಂದಿನ ನೆಲೆಯಾದ ವಾಗಿನಗೇರಾಕ್ಕೆ ಹಾಕಿದ ಮುತ್ತಿಗೆಯೇ ಅವುಗಳ ತಿರುಳು. ನಂತರದ ಗೆಜೆಟಿಯರುಗಳು ಒಂದು ಸಾಲಿನಲ್ಲಿ ಮುಗಿಸುವ ಸಂಗತಿಯೊಂದಿದೆ: 1828ರಲ್ಲಿ ಕೃಷ್ಣಪ್ಪ ನಾಯಕರು ಗಾದಿಗೆ ಬಂದಾಗ ಹೈದರಾಬಾದ್ ದರ್ಬಾರು ಕೇಳಿದ ನಜರಾಣೆ 15 ಲಕ್ಷ ರೂಪಾಯಿ. ಗಾದಿಗೆ ಬೆಲೆ ಕಟ್ಟಿದ ಆ ಗಳಿಗೆಯಲ್ಲೇ ಸಂಸ್ಥಾನ ಸಾಲಕ್ಕೆ ಬಿತ್ತು. ಸಾಲದ ಹಿಂದೆ ಬ್ರಿಟಿಷ್ ರೆಸಿಡೆನ್ಸಿ ಬಂತು.

1841ರಲ್ಲಿ ಕೃಷ್ಣಪ್ಪ ನಾಯಕರು ತೀರಿಕೊಂಡರು. ಮಗ ವೆಂಕಟಪ್ಪ ಇನ್ನೂ ಎಳೆಯ. ಆಡಳಿತ ಹಿಡಿಯುವುದಕ್ಕೆ ತೀರಿಕೊಂಡ ರಾಜನ ಸೋದರ ಪಿಡ್ಡನಾಯಕರು ಒಂದು ಕಡೆ, ರಾಣಿ ಈಶ್ವರಮ್ಮ ಇನ್ನೊಂದು ಕಡೆ. ಇತ್ಯರ್ಥಕ್ಕೆ ಕೂತವರು ನಿಜಾಮನ ಸೇವೆಯಲ್ಲಿದ್ದ ಮೆಡೋಸ್ ಟೇಲರ್. 1853ರವರೆಗೆ ಅಧಿಕಾರ ಅವರ ಕೈಯಲ್ಲೇ ಉಳಿಯಿತು. ಅವರು ಸತ್ತ ಮೇಲೆ 1877ರಲ್ಲಿ ಅಚ್ಚಾದ ಆತ್ಮಕಥೆಯೇ ನಮ್ಮವರಿಗೆ ಇಂದಿಗೂ ಮೂಲಗ್ರಂಥ. ಅದರಲ್ಲಿ ಎಲ್ಲರ ಬಾಯಲ್ಲೂ ಉಳಿದದ್ದು ಜಾತಕದ ಪ್ರಸಂಗ: ರಾಜಾ ವೆಂಕಟಪ್ಪನವರ ಆಯುಷ್ಯ 24ನೇ ವರ್ಷಕ್ಕೆ ಮುಗಿಯುತ್ತದೆಂದು ಬ್ರಾಹ್ಮಣರು ಲೆಕ್ಕ ಹಾಕಿದ್ದು, ಹಾಗೇ ಆದದ್ದು. ಟೇಲರ್ ಪಳಗಿದ ಕಾದಂಬರಿಕಾರ, ಕಥೆ ಕಟ್ಟುವುದನ್ನು ಬಲ್ಲವರು. ಆದರೆ ಸಂಸ್ಥಾನ ಬಿದ್ದದ್ದಕ್ಕೆ ಜಾತಕವನ್ನು ತೋರಿಸಿದರೆ 15 ಲಕ್ಷದ ಲೆಕ್ಕ ಮರೆಯಾಗುತ್ತದೆ. ಈಶ್ವರಮ್ಮನವರನ್ನೂ ಅವರು ಹಟಮಾರಿ, ನಡತೆಗೆಟ್ಟ ಹೆಣ್ಣೆಂದೇ ಚಿತ್ರಿಸಿದರು. ರಾಣಿಯಿಂದ ಅಧಿಕಾರ ಕಸಿದುಕೊಂಡವರ ಹೇಳಿಕೆ ಅದು. ಸಾಕ್ಷಿಯಾಗಿ ಓದಬೇಕಾದ್ದನ್ನು ನಾವು ತೀರ್ಪಾಗಿ ಓದುತ್ತ ಬಂದೆವು.

1947ರಲ್ಲಿ ಪ್ಯಾಟ್ರಿಕ್ ಕ್ಯಾಡೆಲ್ ಸಂಪಾದಿಸಿದ, ಟೇಲರ್ ತಮ್ಮ ಬಂಧು ಹೆನ್ರಿ ರೀವ್‌ಗೆ ಬರೆದ ಪತ್ರಗಳು ಬಂದವು. ಮುಪ್ಪಿನಲ್ಲಿ ನೆನೆದು ಬರೆದದ್ದಕ್ಕೂ ಕೆಲಸದ ನಡುವೆ ಬರೆದದ್ದಕ್ಕೂ ವ್ಯತ್ಯಾಸ ಬಹಳ. ಎರಡನ್ನೂ ಎದುರುಬದುರು ಇಟ್ಟು ಓದುವ ಕಷ್ಟ ತೆಗೆದುಕೊಂಡವರು ವಿರಳ.

ಕನ್ನಡದಲ್ಲಿ ಈ ಚರಿತ್ರೆಗೆ ದಾರಿ ಕಡಿದವರು ಸಂಶೋಧಕ ಕಪಟರಾಳ ಕೃಷ್ಣರಾಯರು. ಸಂಸ್ಥಾನವನ್ನು ಒಳಗಿನಿಂದ ನೋಡುವುದನ್ನು ನಮ್ಮ ತಲೆಮಾರು ಕಲಿತದ್ದು ಅವರಿಂದ. 1980ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯ ಶುರುವಾದ ಮೇಲೆ ಊರಿನ ಹುಡುಗರೇ ಸಂಶೋಧನೆಗೆ ಬಂದರು. ಮನೆಗಳಲ್ಲಿದ್ದ ಸನದು, ಮೋಡಿ ಲಿಪಿಯ ಕಾಗದ, ಬೇಡರ ಹಿರಿಯರ ಮಾತು ಇವೆಲ್ಲ ಆಕರಗಳಾದವು. ನಾಯಕನ ಬೆನ್ನಿಗೆ ನಿಂತ ಬೇಡ ಪಡೆಯ ಒಪ್ಪಿಗೆಯಿಲ್ಲದೆ ಗಾದಿ ಗಟ್ಟಿಯಾಗುತ್ತಿರಲಿಲ್ಲ ಎಂಬುದನ್ನು ಈ ಬಗೆಯ ಕೆಲಸವೇ ತೋರಿಸಬಲ್ಲದು. ರಾಜಧಾನಿಯಲ್ಲಿ ಕೂತು ಇಂಗ್ಲಿಷ್ ಪುಸ್ತಕ ನೋಡಿ ಬರೆದವರಿಗೆ ಅದು ಸಿಕ್ಕಿಲ್ಲ.

ಟೇಲರ್ ಅಳೆದು ದಾಖಲಿಸಿದ ರಾಜನಕೋಳೂರಿನ ಕಲ್ಗೋರಿಗಳಿಗೆ, ಶಹಾಪುರ ಬಳಿಯ ವಿಭೂತಿಹಳ್ಳಿಯ ನಿಲ್ಲಿಸಿದ ಕಲ್ಲುಗಳಿಗೆ ಪುರಾತತ್ವದವರ ಗಮನ ದೊರೆಯಿತು, ಒಳ್ಳೆಯದೇ. ಟೇಲರ್ ಕಚೇರಿಯ ಹಣಕಾಸಿಗೆ ಅಷ್ಟು ಗಮನ ದೊರೆಯಲಿಲ್ಲ. ನಜರಾಣೆಯ ಕಂತು ಯಾವ ಊರಿನ ರೈತನ ಪಟ್ಟಿಯಿಂದ ಹೋಯಿತು? ರಾಣಿ ತನ್ನ ಪರವಾಗಿ ಏನೆಂದು ಅರ್ಜಿ ಹಾಕಿದರು? ಹೈದರಾಬಾದ್ ರೆಸಿಡೆನ್ಸಿಯ ಕಾಗದಗಳು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಸುರಪುರ ಸೇರಿದ ಯಾದಗಿರಿ ಜಿಲ್ಲೆಯಾದದ್ದು 2009ರ ಡಿಸೆಂಬರಿನಲ್ಲಿ. ಮೋಡಿ, ಫಾರ್ಸಿ ಎರಡನ್ನೂ ಓದಬಲ್ಲ ಇಬ್ಬರು ತರುಣರನ್ನು ದೆಹಲಿಗೆ ಕಳಿಸಿ, ಆ ಕಡತಗಳ ಪ್ರತಿ ಸುರಪುರಕ್ಕೆ ತರಿಸುವ ಕೆಲಸವನ್ನು ಜಿಲ್ಲೆ ಈಗಲಾದರೂ ಕೈಗೆತ್ತಿಕೊಳ್ಳಬೇಕು.