ಪಳಗದ ನಳಿಗೆ

ಹೊಸ ಕಾವಲಿಯಲ್ಲಿ ಮೊದಲ ದಿನವೇ ದೋಸೆ ಏಳುವುದಿಲ್ಲ. ಎಣ್ಣೆ ಸವರಿ, ಈರುಳ್ಳಿ ಉಜ್ಜಿ, ನಾಲ್ಕು ದಿನ ಕಾಯಿಸಿದ ಮೇಲೆ ಅದು ಪಳಗುತ್ತದೆ. "ಕೋವಿಯ ನಳಿಗೆಯೂ ಹಾಗೇ ಮೇಷ್ಟ್ರೇ. ಹೊಸತರಲ್ಲಿ ಗುಂಡಿಗೆ ಓಟ ಕಡಿಮೆ. ನೂರು ಗುಂಡು ಹೋದ ಮೇಲೆ ನೋಡಿ" ಎಂದು ಸುಬೇದಾರರು ಹೇಳಿದಾಗ ನಾನು ನಕ್ಕುಬಿಟ್ಟೆ. ಕಬ್ಬಿಣ ಕಲಿಯುತ್ತದೆಯೇ, ಎಂದು ಕೇಳಿದೆ. ಪಕ್ಕದಲ್ಲಿ ನನ್ನ ಶಾಲೆಯ ಹುಡುಗರಿದ್ದರು. ಅವರೂ ನಕ್ಕರು.

ಇದು ಕೊಡಗಿನ ಒಂದು ಹಳ್ಳಿಯಲ್ಲಿ ನಾನು ಹೈಸ್ಕೂಲಿಗೆ ವಿಜ್ಞಾನದ ಮೇಷ್ಟ್ರಾಗಿದ್ದ ಕಾಲದ ಮಾತು. ಘಟ್ಟದ ಕೆಳಗಿನಿಂದ ಹೋದ ನನಗೆ ಕೋವಿ ಎಂದರೆ ಪೊಲೀಸರ ಹೆಗಲಲ್ಲಿ ಕಂಡದ್ದು ಮಾತ್ರ. ಅಲ್ಲಿ ನೋಡಿದರೆ ಅದು ಮನೆಯ ಒಬ್ಬ ಸದಸ್ಯ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 1861ರಿಂದಲೂ ಕೋವಿಯ ಲೈಸೆನ್ಸಿನಿಂದ ವಿನಾಯಿತಿ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗಳನ್ನು ತೊಳೆದು ಸಾಲಾಗಿ ಇಟ್ಟು, ನಳಿಗೆಯ ಬಾಯಿಗೆ ತೋಕ್‌ಪೂ ಸಿಕ್ಕಿಸಿ ಪೂಜಿಸುತ್ತಾರೆ. ಆಮೇಲೆ ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆ. ಸುಬೇದಾರರು ಪಟಾಲಮ್ಮಿನಿಂದ ನಿವೃತ್ತರಾಗಿ ಬಂದು ಹೊಸದಾಗಿ .315 ಬೋರಿನ ರೈಫಲ್ ಕೊಂಡಿದ್ದರು. ನಮ್ಮ ಚರ್ಚೆ ಅದರದ್ದೇ.

ಸೋಲೊಪ್ಪದ ವಯಸ್ಸು ನನ್ನದು. ಗುಂಡಿನ ವೇಗ ಅಳೆಯುವುದು ಹೇಗೆಂದು ಪುಸ್ತಕ ತೆಗೆದೆ. ಅಲ್ಲಿ ಸಿಕ್ಕವನು ಬೆಂಜಮಿನ್ ರಾಬಿನ್ಸ್.

ಈತ 1707ರಲ್ಲಿ ಇಂಗ್ಲೆಂಡಿನ ಬಾತ್ ಊರಿನಲ್ಲಿ ಹುಟ್ಟಿದ. ತಂದೆತಾಯಿ ಕ್ವೇಕರ್ ಪಂಗಡದವರು, ಅಂದರೆ ಯುದ್ಧವೇ ಪಾಪವೆನ್ನುವ ಜನ. ಅಂಥ ಮನೆಯ ಮಗ ಗುಂಡಿನ ಲೆಕ್ಕಕ್ಕೆ ಕುಳಿತದ್ದು ಹೇಗೋ! ಅವನ ಕಾಲಕ್ಕೆ ಫಿರಂಗಿಯವರೆಲ್ಲ ಗುಂಡು ಗಾಳಿಯಲ್ಲಿ ಪ್ಯಾರಾಬೊಲಾ ರೇಖೆಯಲ್ಲಿ ಹೋಗುತ್ತದೆ, ಗಾಳಿಯ ತಡೆ ಲೆಕ್ಕಕ್ಕಿಲ್ಲ ಎಂದು ನಂಬಿದ್ದರು. ಕಣ್ಣಿಗೆ ಕಾಣದಷ್ಟು ಬೇಗ ಹೋಗುವ ವಸ್ತುವಿನ ವೇಗವನ್ನು ಅಳೆದು ನೋಡಿದವರು ಯಾರೂ ಇರಲಿಲ್ಲ. 1742ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ರಾಬಿನ್ಸ್ ಒಂದು ಉಪಾಯ ಕೊಟ್ಟ. ಭಾರವಾದ ಮರದ ದಿಮ್ಮಿಯನ್ನು ಲೋಲಕದಂತೆ ತೂಗುಹಾಕು. ಅದಕ್ಕೆ ಗುಂಡು ಹೊಡೆ. ಗುಂಡು ಮರದೊಳಗೆ ಹೂತು, ತನ್ನ ಸಂವೇಗವನ್ನೆಲ್ಲ ಅದಕ್ಕೆ ಕೊಟ್ಟು ನಿಲ್ಲುತ್ತದೆ. ದಿಮ್ಮಿ ನಿಧಾನವಾಗಿ ಹಿಂದಕ್ಕೆ ತೂಗುತ್ತದೆ. ದಿಮ್ಮಿಗೆ ಕಟ್ಟಿದ ಒಂದು ರಿಬ್ಬನ್ ಎಷ್ಟು ಎಳೆದುಕೊಂಡು ಹೋಯಿತೆಂದು ನೋಡಿದರೆ ಸಾಕು, ಉಳಿದದ್ದು ತ್ರೈರಾಶಿಗಿಂತ ಸ್ವಲ್ಪ ಕಷ್ಟದ ಲೆಕ್ಕ.

ಅವನಿಗೆ ಸಿಕ್ಕ ವೇಗ ಸೆಕೆಂಡಿಗೆ 1,600ರಿಂದ 1,700 ಅಡಿ. ಲೋಲಕವನ್ನು ದೂರದೂರ ಇಟ್ಟು ಹೊಡೆದಾಗ ಇನ್ನೊಂದು ಸಂಗತಿ ಹೊರಬಿತ್ತು. ಅಷ್ಟು ವೇಗದ ಗುಂಡನ್ನು ಗಾಳಿ ಹಿಂದಕ್ಕೆ ಒತ್ತುವ ಬಲ ಗುಂಡಿನ ತೂಕದ ನೂರು ಪಟ್ಟಿಗೂ ಮಿಕ್ಕಿದ್ದು. ಲೆಕ್ಕಕ್ಕಿಲ್ಲ ಎಂದುಕೊಂಡಿದ್ದ ಗಾಳಿ! ಮಹಾ ಗಣಿತಜ್ಞ ಆಯ್ಲರ್ 1745ರಲ್ಲಿ ಆ ಸಣ್ಣ ಪುಸ್ತಕವನ್ನು ಜರ್ಮನ್ ಭಾಷೆಗೆ ಅನುವಾದಿಸಿ, ಅದಕ್ಕಿಂತ ಎಷ್ಟೋ ದೊಡ್ಡ ಟಿಪ್ಪಣಿ ಬರೆದ. ನಳಿಗೆಯೊಳಗೆ ಸುರುಳಿಗೀರು ಕೊರೆದ ಕೋವಿಯ ಮರ್ಮ ತಿಳಿದು ಬಳಸುವ ದೇಶ ಯುದ್ಧದಲ್ಲಿ ಮೇಲುಗೈ ಪಡೆಯುತ್ತದೆ ಎಂದು ರಾಬಿನ್ಸ್ 1747ರಲ್ಲೇ ಹೇಳಿದ. ಅದು ನಿಜವಾಗಲು ಇನ್ನೂ ನೂರು ವರ್ಷ ಬೇಕಾಯಿತು.

ನಾನು ಒಂದು ಸಣ್ಣ ಡಬ್ಬಿಗೆ ಜೇಡಿಮಣ್ಣು ತುಂಬಿ, ಇನ್ನೂರು ಗ್ರಾಂ ತೂಗಿಸಿ, ಮೀಟರುದ್ದದ ದಾರದಲ್ಲಿ ನೇತುಹಾಕಿದೆ. ರೈಫಲಿನ ಗುಂಡಿಗೆ ಅದು ಪುಡಿಪುಡಿಯಾದೀತು. ಅದಕ್ಕೇ ಹೊಸ ಏರ್‌ಗನ್ ಒಂದನ್ನು ಎರವಲು ತಂದೆ. ಅದರ ಸೀಸದ ಗುಳಿಗೆ ಅರ್ಧ ಗ್ರಾಂ. ಹೆಂಡತಿಯ ಜಡೆಯ ರಿಬ್ಬನ್ ಕೂಡ ವಿಜ್ಞಾನಕ್ಕೆ ಸಂದಿತು. ಮೊದಲ ದಿನ ರಿಬ್ಬನ್ ಹದಿಮೂರು ಸೆಂಟಿಮೀಟರಿನಷ್ಟು ಎಳೆಯಿತು, ಅಂದರೆ ಸೆಕೆಂಡಿಗೆ ಸುಮಾರು 160 ಮೀಟರ್. ಇನ್ನೂರು ಗುಳಿಗೆ ಹೊಡೆದ ಮೇಲೆ ಅದು ಹತ್ತು ಸೆಂಟಿಮೀಟರಿಗೆ ಇಳಿದು ಅಲ್ಲೇ ನಿಂತಿತು. ಏರಲಿಲ್ಲ, ಇಳಿಯಿತು! ಹುಡುಗರ ಮುಂದೆ ಸುಬೇದಾರರನ್ನು ಕರೆಸಿ ಕರಿಹಲಗೆಯ ಮೇಲೆ ಲೆಕ್ಕ ಮಾಡಿ ತೋರಿಸಿದೆ. ಅವರು ಏನೂ ಹೇಳಲಿಲ್ಲ. ಏರ್‌ಗನ್ನಿನ ಬಾಯಿಯನ್ನೊಮ್ಮೆ ಮೂಸಿ ನೋಡಿ, ಟೋಪಿ ಇಟ್ಟುಕೊಂಡು ಹೊರಟುಹೋದರು.

ಮರುವರ್ಷ ನನಗೆ ವರ್ಗವಾಯಿತು.

ನನ್ನ ತಪ್ಪು ತಿಳಿಯಲು ಬಹಳ ವರ್ಷ ಹಿಡಿಯಿತು. ಏರ್‌ಗನ್ನಿನಲ್ಲಿ ಮದ್ದಿಲ್ಲ. ಸ್ಪ್ರಿಂಗು ತಳ್ಳುವ ಪಿಸ್ಟನ್ ಗಾಳಿಯನ್ನು ಒತ್ತುತ್ತದೆ. ಹೊಸ ಏರ್‌ಗನ್ನಿನೊಳಗೆ ಕಾರ್ಖಾನೆಯ ಎಣ್ಣೆ ಉಳಿದಿರುತ್ತದೆ. ಒತ್ತಿದ ಗಾಳಿ ಕಾದು, ಡೀಸೆಲ್ ಇಂಜಿನ್ನಿನಲ್ಲಾಗುವಂತೆ ಆ ಎಣ್ಣೆಗೆ ಬೆಂಕಿ ಹತ್ತಿ ಗುಳಿಗೆಗೆ ಹೆಚ್ಚಿನ ದೂಡು ಸಿಗುತ್ತದೆ. ಎಣ್ಣೆ ಸುಟ್ಟು ಮುಗಿದ ಮೇಲೆ ವೇಗ ಇಳಿದು ಸ್ಥಿರವಾಗುತ್ತದೆ. ನಾನು ಅಳೆದದ್ದು ನಿಜವೇ, ಆದರೆ ಅಳೆದದ್ದು ನಳಿಗೆಯನ್ನಲ್ಲ.

ರೈಫಲಿನ ಸಂಗತಿ ಬೇರೆ. ರಾಬಿನ್ಸನ ಲೋಲಕದ ನಂತರ 1860ರ ದಶಕದಲ್ಲಿ ಬೆಲ್ಜಿಯಮ್ಮಿನ ಸೇನಾಧಿಕಾರಿ ಲ ಬೂಲಾಂಜೆ ವಿದ್ಯುತ್ ತಂತಿಗಳ ಎರಡು ಪರದೆ ಹರಿದು ಕಾಲ ಅಳೆಯುವ ಯಂತ್ರ ಮಾಡಿದ. ಈಗ ಅಂಗೈಯಗಲದ ರೇಡಾರ್ ಪೆಟ್ಟಿಗೆ ಬಂದಿದೆ. ಗುರಿಗಾರರು ಹೊಸ ನಳಿಗೆಯ ಒಂದೊಂದು ಗುಂಡಿನ ವೇಗವನ್ನೂ ಬರೆದಿಡುತ್ತಾರೆ. ಎಲ್ಲ ನಳಿಗೆಗಳಲ್ಲೂ ಅಲ್ಲದಿದ್ದರೂ ಅನೇಕ ನಳಿಗೆಗಳಲ್ಲಿ ಮೊದಲ ನೂರು, ನೂರೈವತ್ತು ಗುಂಡುಗಳೊಳಗೆ ವೇಗ ಸೆಕೆಂಡಿಗೆ ಹತ್ತಾರು ಅಡಿ ಏರಿ ಆಮೇಲೆ ನೆಲೆ ನಿಲ್ಲುತ್ತದೆ. ಸಾವಿರಾರು ಗುಂಡಾದ ಮೇಲೆ ನಳಿಗೆಯ ಗಂಟಲು ಬೆಂಕಿಗೆ ಸವೆದು ವೇಗ ಮತ್ತೆ ಇಳಿಯುತ್ತದೆ.

ಏಕೆ ಏರುತ್ತದೆ ಎಂಬ ಬಗ್ಗೆ ಕೋವಿಗಾರರಲ್ಲಿ ಇಂದಿಗೂ ಜಗಳವಿದೆ. ನಳಿಗೆ ನಯವಾಗಿ ಗುಂಡು ಸಲೀಸಾಗಿ ಜಾರುತ್ತದೆ ಎಂಬುದು ಮೊದಲು ಹೊಳೆಯುವ ಉತ್ತರ. ಆದರೆ ಗುಂಡಿಗೆ ಜಾರುಪುಡಿ ಲೇಪಿಸಿ ಅಷ್ಟೇ ಮದ್ದಿನಲ್ಲಿ ಹೊಡೆದರೆ ವೇಗ ಕಡಿಮೆಯಾಗುತ್ತದೆ, ಹೆಚ್ಚಾಗುವುದಿಲ್ಲ. ಗುಂಡು ತಡೆದು ನಿಂತಷ್ಟೂ ಹಿಂದೆ ಉರಿಯುವ ಮದ್ದಿನ ಒತ್ತಡ ಏರುತ್ತದೆ. ಹಾಗಾಗಿ ಗಂಟಲಿನಲ್ಲಿ ಕರಿ ಕಟ್ಟಿ, ಉಕ್ಕು ಕೊಂಚ ಒರಟಾಗಿ, ಗುಂಡು ಬಿಗಿಯಾಗಿ ಹೋಗುವುದೇ ಕಾರಣವೆನ್ನುವವರ ಮಾತು ನನಗೆ ಹೆಚ್ಚು ಸರಿ ಕಾಣುತ್ತದೆ. ಕಾವಲಿ ಪಳಗುವುದೂ ಕರಿ ಕಟ್ಟಿಯೇ ತಾನೇ.

ಕೆಲವು ವರ್ಷಗಳ ಹಿಂದೆ ತಮಿಳುನಾಡಿಗೆ ಹೋದವನು ಕಡಲೂರಿಗೂ ಹೋಗಿದ್ದೆ. ರಾಬಿನ್ಸ್ ಸತ್ತದ್ದು ಅಲ್ಲಿ. ಈಸ್ಟ್ ಇಂಡಿಯಾ ಕಂಪೆನಿ ಅವನನ್ನು ತನ್ನ ಕೋಟೆಗಳ ದುರಸ್ತಿಗೆ ಮುಖ್ಯ ಇಂಜಿನಿಯರನನ್ನಾಗಿ ಕಳಿಸಿತ್ತು. 1750ರಲ್ಲಿ ಬಂದ, 1751ರ ಜುಲೈ 29ರಂದು ಸೇಂಟ್ ಡೇವಿಡ್ ಕೋಟೆಯಲ್ಲಿ ಜ್ವರದಿಂದ ತೀರಿಕೊಂಡ. ವಯಸ್ಸು ನಲವತ್ತನಾಲ್ಕು. ಅವನು ಬಲಪಡಿಸಲು ಬಂದ ಆ ಕೋಟೆಯನ್ನು ಏಳು ವರ್ಷದಲ್ಲಿ ಫ್ರೆಂಚರು ಹಿಡಿದು ಕೆಡವಿದರು. ದೇವನಾಂಪಟ್ಟಣದ ಕಡಲಗಾಳಿಯಲ್ಲಿ ಅರ್ಧ ದಿನ ಅಡ್ಡಾಡಿದೆ. ಗೋಡೆಯ ತುಂಡುಗಳಷ್ಟೇ ಕಂಡವು.

ಅಲ್ಲಿಂದ ಬಂದವನು ಸುಬೇದಾರರಿಗೆ ತಪ್ಪೊಪ್ಪಿಗೆಯ ಕಾಗದ ಬರೆದೆ. ಉತ್ತರ ಮಗನಿಂದ ಬಂತು. ತಂದೆ ಹೋಗಿ ಒಂದು ವರ್ಷವಾಗಿತ್ತು, ಅವರ ಪದ್ಧತಿಯಂತೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸಿದ್ದರು. ಕೈಲ್‌ಪೊಳ್ದಿಗೆ ಬನ್ನಿ ಎಂದಿತ್ತು ಕಾಗದ. ಹೋದೆ.

ಮಗ ಒಂದು ರಟ್ಟಿನ ನೋಟುಪುಸ್ತಕ ತಂದುಕೊಟ್ಟ. ಎರಡು ವರ್ಷದಲ್ಲಿ ಹಾರಿಸಿದ ನೂರಿಪ್ಪತ್ತು ತೋಟಾಗಳ ಲೆಕ್ಕ. ಗದ್ದೆಯಾಚೆಯ ದಿಬ್ಬಕ್ಕೆ ಇನ್ನೂರು ಗಜ, ಗುರಿಕಣ್ಣು ಕದಲಿಸಿಲ್ಲ, ಗುಂಡು ಬಿದ್ದ ಎತ್ತರ ಇಂಚಿನಲ್ಲಿ. ಎತ್ತರ ಒಂದಕ್ಕೊಂದು ಹೊಂದುವುದಿಲ್ಲ. ಬಿಸಿಲೇರಿದರೂ ಮದ್ದು ಚುರುಕಾಗುತ್ತದೆ, ತೋಟಾದಿಂದ ತೋಟಾಕ್ಕೂ ವ್ಯತ್ಯಾಸವಿದೆ. ಆದರೂ ಹತ್ತು ಹತ್ತು ಗುಂಡುಗಳ ಸರಾಸರಿ ತೆಗೆದಾಗ ಐವತ್ತರ ನಂತರ ಮೇಲಕ್ಕೆ ಸರಿದು, ತೊಂಬತ್ತರ ಹೊತ್ತಿಗೆ ಒಂದೂವರೆ ಇಂಚು ಏರಿ ನಿಂತಿತ್ತು. ನಾನು ಪೆನ್ಸಿಲು ಹಿಡಿದು ಮೂರು ಸಲ ಕೂಡಿದೆ.

ನಾನು ಹಲಗೆಯ ಮೇಲೆ ಲೆಕ್ಕ ತೋರಿಸಿದ ದಿನದ ತಾರೀಖಿನಲ್ಲಿ ಗುಂಡಿನ ಲೆಕ್ಕವಿರಲಿಲ್ಲ. ಒಂದೇ ಸಾಲು ಇತ್ತು: ಮೇಷ್ಟ್ರ ಏರ್‌ಗನ್ ಎಣ್ಣೆ ಕುಡಿದಿದೆ. ಹುಡುಗರೆದುರು ಹೇಳಲಿಲ್ಲ.