ಕೊನೆಗೆ ಮಾತಾಡುವ ಉಸ್ತಾದ್

ಕಂಪ್ಲಿಯಿಂದ ಗಂಗಾವತಿಗೆ ಹೋಗಬೇಕಾದರೆ ತುಂಗಭದ್ರೆಯನ್ನು ದಾಟಬೇಕು. ಜಲಾಶಯದಿಂದ ಹೆಚ್ಚು ನೀರು ಬಿಟ್ಟ ವರ್ಷಗಳಲ್ಲಿ ಇಲ್ಲಿನ ಸೇತುವೆ ಮುಳುಗಿ ಎರಡು ದಡಗಳ ಸಂಪರ್ಕವೇ ಕಡಿದುಹೋದದ್ದುಂಟು. ಒಂದು ಕಾಲದಲ್ಲಿ ಈ ನದಿ ಎರಡು ರಾಜ್ಯಗಳ ಗಡಿಯೇ ಆಗಿತ್ತು. 1800ರಲ್ಲಿ ನಿಜಾಮರು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪೆನಿಗೆ ಬಿಟ್ಟುಕೊಟ್ಟ ಮೇಲೆ ಕಂಪ್ಲಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತು. ಆಚೆಯ ಗಂಗಾವತಿ, ಆನೆಗೊಂದಿ ಹೈದರಾಬಾದ್ ಸಂಸ್ಥಾನದಲ್ಲೇ ಉಳಿದವು. ಈಚೆ ದಡದ ರಾಜಧಾನಿಯಾದ ಮದ್ರಾಸಿನಲ್ಲಿ 1835ರಲ್ಲಿ ವೈದ್ಯಕೀಯ ಶಾಲೆ ಆರಂಭವಾಯಿತು, ಆಚೆ ದಡದ ರಾಜಧಾನಿಯಾದ ಹೈದರಾಬಾದಿನಲ್ಲಿ 1846ರಲ್ಲಿ. ಮೊದಲನೆಯದರ ಪಾಠ ಇಂಗ್ಲಿಷಿನಲ್ಲಿ, ಎರಡನೆಯದರದು ಉರ್ದುವಿನಲ್ಲಿ. ಹೈದರಾಬಾದಿನಲ್ಲಿ ಪಾಶ್ಚಾತ್ಯ ವೈದ್ಯ ಕಲಿತು ತೇರ್ಗಡೆಯಾದವರಿಗೂ ಸಿಗುತ್ತಿದ್ದ ಪದವಿಯ ಹೆಸರು 'ಹಕೀಮ್' ಎಂದೇ.

ಈ ಹೆಸರಿನ ಹಿಂದೆ ಒಂದು ಸಾವಿರ ವರ್ಷಗಳ ಪರಂಪರೆಯಿದೆ. ಹಿರಿಯ ವೈದ್ಯರು ಕಿರಿಯರನ್ನು ತಿದ್ದುವ ಕುರಿತು ಇಂದು ನಡೆಯುವ ಚರ್ಚೆಗಳನ್ನು ಕೇಳಿದಾಗ ನಮಗೆ ಮೊದಲು ನೆನಪಾಗುವುದು ಅದೇ.

ವೈದ್ಯ ಗೊತ್ತಿಲ್ಲದೆ ಚಿಕಿತ್ಸೆಗೆ ಕೈಹಾಕಿದವನೇ ಅದರಿಂದಾದ ಹಾನಿಗೆ ಹೊಣೆಗಾರನೆಂಬುದು ಪ್ರವಾದಿ ಮುಹಮ್ಮದ್(ಸ)ರ ಬೋಧನೆ. ಇದು ಉಪದೇಶವಾಗಿಯಷ್ಟೇ ಉಳಿಯಲಿಲ್ಲ. ಕ್ರಿ.ಶ. 931ರಲ್ಲಿ ಬಗ್ದಾದಿನಲ್ಲಿ ವೈದ್ಯನೊಬ್ಬನ ತಪ್ಪಿನಿಂದ ರೋಗಿ ಸತ್ತ ಸುದ್ದಿ ಖಲೀಫ ಅಲ್-ಮುಕ್ತದಿರ್‌ಗೆ ತಲುಪಿತು. ಸಿನಾನ್ ಇಬ್ನ್ ಸಾಬಿತ್ ಪರೀಕ್ಷಿಸಿ ಒಪ್ಪಿಗೆ ಕೊಡದ ಹೊರತು ಯಾರೂ ಚಿಕಿತ್ಸೆ ನೀಡಕೂಡದೆಂದು ಆಜ್ಞೆಯಾಯಿತು. ಪರೀಕ್ಷೆಗೆ ಬಂದವರು ಎಂಟುನೂರಕ್ಕೂ ಹೆಚ್ಚು. ಇತಿಹಾಸಕಾರ ಅಲ್-ಕಿಫ್ತಿ ಇಲ್ಲೊಂದು ಸ್ವಾರಸ್ಯದ ಪ್ರಸಂಗ ಹೇಳುತ್ತಾನೆ. ಒಳ್ಳೆಯ ಉಡುಪು ತೊಟ್ಟ ಮುದುಕನೊಬ್ಬ ಬಂದು ಸಿನಾನನ ಮುಂದೆ ದೀನಾರುಗಳನ್ನಿಟ್ಟು, ತನಗೆ ಓದುಬರಹ ಬಾರದು, ಹೆಂಡತಿ ಮಕ್ಕಳು ಈ ವೃತ್ತಿಯಿಂದಲೇ ಬದುಕಬೇಕು ಎಂದನಂತೆ. ತಿಳಿಯದ ರೋಗಕ್ಕೆ ಕೈಹಾಕಬಾರದು, ರಕ್ತ ತೆಗೆಯಬಾರದು, ತೀವ್ರ ಭೇದಿಯ ಔಷಧ ಕೊಡಬಾರದು ಎಂಬ ಷರತ್ತಿನ ಮೇಲೆ ಸಿನಾನ್ ಬಿಟ್ಟುಕೊಟ್ಟ. ಮರುದಿನ ಬಂದ ಯುವಕನನ್ನು ಯಾರಲ್ಲಿ ಕಲಿತೆ ಎಂದು ಕೇಳಿದರೆ, ನಿನ್ನೆ ಬಂದಿದ್ದ ಆ ಮುದುಕ ನಮ್ಮ ತಂದೆ, ಅವರಲ್ಲೇ ಕಲಿತೆ ಎಂದನಂತೆ! ತಂದೆಗೆ ಹಾಕಿದ ಷರತ್ತೇ ಮಗನಿಗೂ ಆಯಿತು. ನಗು ಬರುವ ಕಥೆಯೇ. ಆದರೆ ಗುರುವಿಗಿದ್ದ ಮಿತಿ ಶಿಷ್ಯನಿಗೂ ಇಳಿಯುತ್ತದೆಂಬುದು ಆ ಪರೀಕ್ಷಕನಿಗೆ ಗೊತ್ತಿತ್ತು.

ಅಬೂಬಕರ್ ಅಲ್-ರಾಝಿ ಸಿನಾನನಿಗಿಂತ ಸ್ವಲ್ಪ ಹಿರಿಯ. ರೈ ಮತ್ತು ಬಗ್ದಾದಿನ ಆಸ್ಪತ್ರೆಗಳ ಮುಖ್ಯಸ್ಥನಾಗಿದ್ದವನು. ಅವನ ಪಾಠದ ಕ್ರಮವನ್ನು ಇಬ್ನ್ ಅಲ್-ನದೀಮ್ ದಾಖಲಿಸಿದ್ದಾನೆ. ಉಸ್ತಾದನ ಸುತ್ತ ಅವನ ಶಿಷ್ಯರು, ಅವರಾಚೆ ಆ ಶಿಷ್ಯರ ಶಿಷ್ಯರು, ಅವರಾಚೆ ಇನ್ನೂ ಹೊಸಬರು ಕುಳಿತಿರುತ್ತಿದ್ದರು. ರೋಗಿ ಬಂದು ಮೊದಲು ಎದುರಾದವರಿಗೆ ತನ್ನ ಬಾಧೆ ಹೇಳಬೇಕು. ಅವರಿಗೆ ತಿಳಿದರೆ ಸರಿ, ಇಲ್ಲವಾದರೆ ಒಳಗಿನವರಿಗೆ. ಅವರಿಗೂ ತೋಚದಿದ್ದರೆ ಮಾತ್ರ ರಾಝಿ ಬಾಯಿ ತೆರೆಯುತ್ತಿದ್ದ. ನಮ್ಮ ಆಸ್ಪತ್ರೆಗಳ ರೌಂಡ್ಸಿನಲ್ಲಿ ದೊಡ್ಡ ಡಾಕ್ಟರು ಮೊದಲು ಮಾತಾಡುತ್ತಾರೆ, ಉಳಿದವರು ಬರೆದುಕೊಳ್ಳುತ್ತಾರೆ. ಅಲ್ಲಿ ಕಿರಿಯ ಮೊದಲು ಯೋಚಿಸಬೇಕಿತ್ತು, ತಪ್ಪಿದರೆ ಕೈಹಿಡಿಯಲು ಹಿಂದೆ ಎರಡು ಸಾಲು ಜನರಿದ್ದರು. ಇದೇ ರಾಝಿ ತನ್ನ ಗುರುಸಮಾನನಾದ ಗ್ರೀಕ್ ವೈದ್ಯ ಗ್ಯಾಲೆನನ ಮಾತುಗಳ ಮೇಲಿನ ಸಂದೇಹಗಳಿಗೆಂದೇ ಒಂದು ಗ್ರಂಥ ಬರೆದ. 13ನೇ ಶತಮಾನದ ಇಬ್ನ್ ಅಲ್-ನಫೀಸ್, ಹೃದಯದ ನಡುಗೋಡೆಯಲ್ಲಿ ಗ್ಯಾಲೆನ್ ಹೇಳಿದ ರಂಧ್ರಗಳಿಲ್ಲ, ರಕ್ತ ಶ್ವಾಸಕೋಶದ ಮೂಲಕವೇ ಎಡಭಾಗಕ್ಕೆ ಬರುತ್ತದೆ ಎಂದ. ಅವನು ಸಾಯುವಾಗ ತನ್ನ ಮನೆ ಮತ್ತು ಪುಸ್ತಕಗಳನ್ನು ಕೈರೋದ ಮನ್ಸೂರಿ ಆಸ್ಪತ್ರೆಗೆ ಬಿಟ್ಟುಹೋದ.

ದಖ್ಖನಿನಲ್ಲಿ ಬಹಮನಿ ಸುಲ್ತಾನ ಎರಡನೇ ಅಲಾವುದ್ದೀನ್ ಅಹ್ಮದ್ (1436-58) ಬೀದರಿನಲ್ಲಿ ಆಸ್ಪತ್ರೆ ಕಟ್ಟಿಸಿ, ಅದರ ಖರ್ಚಿಗೆ ಹಳ್ಳಿಗಳನ್ನು ಬಿಟ್ಟುಕೊಟ್ಟು, ಹಿಂದೂ ಮುಸ್ಲಿಮ್ ವೈದ್ಯರಿಬ್ಬರನ್ನೂ ನೇಮಿಸಿದನೆಂದು ಫಿರಿಶ್ತಾ ಬರೆಯುತ್ತಾನೆ. ವಿಜಯನಗರದ ಎರಡನೇ ದೇವರಾಯನೊಡನೆ ಯುದ್ಧ ಮಾಡಿದ ಸುಲ್ತಾನನೂ ಇವನೇ. ಸ್ವತಃ ವೈದ್ಯನಾಗಿದ್ದ ಫಿರಿಶ್ತಾ ಬಿಜಾಪುರದಲ್ಲಿದ್ದುಕೊಂಡು ಭಾರತೀಯ ವೈದ್ಯಪದ್ಧತಿಯ ಬಗ್ಗೆ ಪಾರ್ಸಿಯಲ್ಲಿ ಗ್ರಂಥ ರಚಿಸಿದ. ಪರ್ಷಿಯಾ ಮೂಲದವನು ಇಲ್ಲಿನ ಪಂಡಿತರ ವಿದ್ಯೆಗೆ ಶಾಗಿರ್ದನಾಗಲು ನಾಚಲಿಲ್ಲ.

ಮತ್ತೆ ಹೈದರಾಬಾದಿಗೆ ಬರೋಣ. ಅಲ್ಲಿನ ವೈದ್ಯಕೀಯ ಶಾಲೆಗೆ 1885ರಲ್ಲಿ ಮುಖ್ಯಸ್ಥನಾಗಿ ಬಂದ ಎಡ್ವರ್ಡ್ ಲಾರಿ ಎಡಿನ್‌ಬರೋದಲ್ಲಿ ಸರ್ಜನ್ ಜೇಮ್ಸ್ ಸೈಮ್‌ರ ಕೈಕೆಳಗೆ ಪಳಗಿದವನು. ಕ್ಲೋರೋಫಾರಂ ಕೊಡುವಾಗ ಉಸಿರಾಟವನ್ನು ನೋಡು, ನಾಡಿಯನ್ನಲ್ಲ ಎಂಬುದು ಗುರುವಿನಿಂದ ಬಂದ ಪಾಠ. ಅದನ್ನೇ ಲಾರಿ ತನ್ನ ವಿದ್ಯಾರ್ಥಿಗಳಿಗೆ ಕೊಟ್ಟ. ಅವರಲ್ಲಿ 1889ರಲ್ಲಿ ಹಕೀಮ್ ಪದವಿ ಪಡೆದ ರೂಪಾಬಾಯಿ ಫರ್ದೂನ್‌ಜಿ ಒಬ್ಬರು; ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆಯೆಂದು ಅವರನ್ನು ಹಲವರು ಗುರುತಿಸುತ್ತಾರೆ. ಹಿಂದುಸ್ತಾನದ ಒಂದು ಊರಿನಲ್ಲಿ ಹೆಣ್ಣುಮಗಳೊಬ್ಬಳಿಗೆ ಆ ಕಾಲದಲ್ಲಿ ಈ ವಿದ್ಯೆ ಕೊಟ್ಟ ಶ್ರೇಯಸ್ಸು ಲಾರಿಗೆ ಸಲ್ಲಲೇಬೇಕು.

ಆದರೆ ಅವನ ಹಟ ದೊಡ್ಡದು. ಕ್ಲೋರೋಫಾರಂನಿಂದ ಹೃದಯ ನೇರವಾಗಿ ನಿಲ್ಲುವುದೇ ಇಲ್ಲ, ಉಸಿರು ನಿಂತ ಮೇಲೆ ಮಾತ್ರ ಹೃದಯ ನಿಲ್ಲುತ್ತದೆ ಎಂದು ಸಾಧಿಸಲು 1888ರಲ್ಲಿ ಒಂದು ಆಯೋಗ ನಡೆಯಿತು. ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆ ಒಪ್ಪಲಿಲ್ಲ. 1889ರಲ್ಲಿ ನಿಜಾಮ್ ಮಹಬೂಬ್ ಅಲಿ ಖಾನ್ ಸಾವಿರ ಪೌಂಡು ಕೊಟ್ಟು, ಆ ಪತ್ರಿಕೆಯ ಪ್ರತಿನಿಧಿಯಾಗಿ ಲಾಡರ್ ಬ್ರಂಟನ್‌ರನ್ನೇ ಕರೆಸಿ ಎರಡನೇ ಆಯೋಗ ನಡೆಸಿದರು. ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆದು ಲಾರಿಯದೇ ಸರಿಯೆಂದಾಯಿತು. ಆದರೆ 1911ರಲ್ಲಿ ಇಂಗ್ಲೆಂಡಿನ ಲೆವಿ, ಅಲ್ಪ ಪ್ರಮಾಣದ ಕ್ಲೋರೋಫಾರಂ ಕೂಡ ಹೃದಯದ ಬಡಿತ ಕೆಡಿಸಿ ಹಠಾತ್ತನೆ ನಿಲ್ಲಿಸಬಲ್ಲದೆಂದು ತೋರಿಸಿದ. ಉಸಿರಾಟ ಗಮನಿಸುವ ಪಾಠ ಒಳ್ಳೆಯದೇ, ಇಂದಿಗೂ ಬೇಕು. ನಾಡಿಯನ್ನು ನೋಡಬೇಡ ಎಂಬುದು ತಪ್ಪು. ಎರಡೂ ಒಂದೇ ಬಾಯಿಂದ ಒಂದೇ ವಿಶ್ವಾಸದಲ್ಲಿ ಬಂದಾಗ ಇಪ್ಪತ್ತು ವರ್ಷದ ವಿದ್ಯಾರ್ಥಿ ಅವನ್ನು ಬೇರ್ಪಡಿಸುವುದು ಹೇಗೆ?

ಬಳ್ಳಾರಿ ಜಿಲ್ಲೆ 1953ರಲ್ಲಿ ಮೈಸೂರಿಗೆ ಸೇರಿತು, 1956ರಲ್ಲಿ ಆಚೆ ದಡವೂ ಸೇರಿ ಗಡಿ ಅಳಿಯಿತು. 1961ರಲ್ಲಿ ಬಳ್ಳಾರಿಯಲ್ಲೇ ಸರ್ಕಾರಿ ಮೆಡಿಕಲ್ ಕಾಲೇಜು ಬಂತು. ಮುಂದೆ ವಿಮ್ಸ್ ಎಂದು ಹೆಸರಾದದ್ದು ಅದೇ. ಎರಡೂ ದಡಗಳ ಹುಡುಗ ಹುಡುಗಿಯರು ದೂರದ ರಾಜಧಾನಿಗಳಿಗೆ ಹೋಗದೆ ಡಾಕ್ಟರಾಗುವುದು ಸಾಧ್ಯವಾಯಿತು. 2012ರಲ್ಲಿ ರಾಜ್ಯ ಸರ್ಕಾರ ಹೊಸ ಡಾಕ್ಟರುಗಳಿಗೆ ಒಂದು ವರ್ಷದ ಗ್ರಾಮೀಣ ಸೇವೆಯ ಕಾಯ್ದೆಯನ್ನೂ ಮಾಡಿತು. ಉದ್ದೇಶ ಒಳ್ಳೆಯದು. ಆದರೆ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಾತ್ರಿ ಹಾವು ಕಡಿದವರೋ ಹೆರಿಗೆಯ ನೋವಿನವರೋ ಬಂದಾಗ, ರಾಝಿಯ ಸುತ್ತಿನ ಹೊರಸಾಲಿನಲ್ಲಿ ಕೂರಬೇಕಾದ ಡಾಕ್ಟರು ಒಬ್ಬರೇ ಇರುತ್ತಾರೆ. ಒಳಗಿನ ಸಾಲುಗಳೆಲ್ಲ ಇರುವುದು ಫೋನಿನ ಆ ತುದಿಯಲ್ಲಿ. ಇಷ್ಟೂ ಗೊತ್ತಾಗಲಿಲ್ಲವೇ ಎಂದು ಹಿಂದೊಮ್ಮೆ ರೌಂಡ್ಸಿನಲ್ಲಿ ಎಲ್ಲರೆದುರು ಬೈಸಿಕೊಂಡವರು ಆ ಹೊತ್ತಿನಲ್ಲಿ ನಂಬರು ಒತ್ತಲು ಎರಡು ಸಲ ಯೋಚಿಸುತ್ತಾರೆ.